ವಿಭಾಗಗಳ ವಿಲೀನ: ಮೊದಲು ಪಾಠ, ಆಮೇಲೆ ಬೋರ್ಡು

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗಗಳನ್ನೂ ಇಕಾಲಜಿ ಸಂಶೋಧನಾ ತಂಡವನ್ನೂ ಸೇರಿಸಿ ಒಂದೇ ಜೀವವಿಜ್ಞಾನ ವಿಭಾಗ ಮಾಡುವ ಮಾತು ನಡೆದಿದೆ. ಹೊಸ ಕಟ್ಟಡ ಬರಲಿ ಅನ್ನುವವರು ಕೆಲವರು, ಈಗಲೇ ಹೆಸರು ಬದಲಿಸೋಣ ಅನ್ನುವವರು ಕೆಲವರು. ಯಾವುದು ಸರಿ?
– ತಮ್ಮ ಹೆಸರು ಹಾಕಬೇಡಿ ಎಂದ ಪ್ರಾಧ್ಯಾಪಕಿ

ಉತ್ತರ: ಎರಡೂ ಅಲ್ಲ. ಮೊದಲು ಪಾಠ ಒಂದಾಗಲಿ. ಆಕ್ಸ್‌ಫರ್ಡ್‌ನಲ್ಲಿ ಪ್ರಾಣಿಶಾಸ್ತ್ರ, ಸಸ್ಯವಿಜ್ಞಾನ ವಿಭಾಗಗಳು ಸೇರಿ ಜೀವವಿಜ್ಞಾನ ವಿಭಾಗವಾದದ್ದು 2022ರ ಆಗಸ್ಟ್ 1ರಂದು. ಆದರೆ ಎರಡೂ ಕಡೆಯವರು ಒಟ್ಟಾಗಿ ಒಂದೇ ಪದವಿ ಕೋರ್ಸು ನಡೆಸುತ್ತಿದ್ದದ್ದು ಅದಕ್ಕೂ ಬಹಳ ಮುಂಚಿನಿಂದ. 2019ರಲ್ಲಿ ಆ ಕೋರ್ಸು ನಾಲ್ಕು ವರ್ಷದ್ದಾದಾಗಲೂ ವಿಭಾಗಗಳು ಬೇರೆಯೇ ಇದ್ದವು. ಕಟ್ಟಡಕ್ಕೂ ಅವರು ಕಾಯಲಿಲ್ಲ. ಪ್ರಾಣಿಶಾಸ್ತ್ರದವರಿದ್ದ ಟಿನ್‌ಬರ್ಗನ್ ಕಟ್ಟಡವನ್ನು ಕಲ್ನಾರಿನ ಕಾರಣಕ್ಕೆ 2017ರಲ್ಲಿ ಮುಚ್ಚಿದ್ದರು. ಅದೇ ಜಾಗದಲ್ಲಿ ಹೊಸ ಕಟ್ಟಡ ಸಿದ್ಧವಾಗುವ ಮೊದಲೇ ವಿಲೀನ ಮುಗಿದಿತ್ತು. ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ 1947ರಿಂದ ಗ್ರೇಟ್ ಟಿಟ್ ಹಕ್ಕಿಗಳ ಲೆಕ್ಕ ಇಡುತ್ತಿರುವ, ಅಲ್ಲಿನ ಪಕ್ಷಿ ಅಧ್ಯಯನದ ಎಡ್ವರ್ಡ್ ಗ್ರೇ ಸಂಸ್ಥೆ ಹೊಸ ವಿಭಾಗದೊಳಗೂ ತನ್ನ ಹೆಸರು ಉಳಿಸಿಕೊಂಡಿದೆ. ಇಕಾಲಜಿಯವರಿಗೆ ಹೀಗೊಂದು ಮನೆ ಒಳಗೇ ಬೇಕು.

ಜಗಳ ಹುಟ್ಟುವುದು ಎಲ್ಲರ ಕೆಲಸವನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುವಾಗ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ 1988ರಲ್ಲಿ ತಮಿಳುನಾಡಿನ ಮುದುಮಲೆ ಕಾಡಿನಲ್ಲಿ 50 ಹೆಕ್ಟೇರಿನ ಒಂದು ತಾಕು ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪ ಕಾಂಡದ ಪ್ರತಿ ಗಿಡಕ್ಕೂ ಸಂಖ್ಯೆ ಕೊಟ್ಟು ಅಳೆಯತೊಡಗಿತು. ಅಂಥ ಕೆಲಸದಿಂದ ವರ್ಷಕ್ಕಿಷ್ಟು ಪ್ರಬಂಧ ಎಂದು ಕೇಳಿದರೆ ಕೆಲಸವೇ ನಿಲ್ಲುತ್ತದೆ. (ಆ ಕೇಂದ್ರ 1983ರಿಂದ ಯಾವ ವಿಭಾಗದಲ್ಲೂ ಕರಗದೆ ಜೀವವಿಜ್ಞಾನ ವಲಯದೊಳಗೇ ಬೇರೆಯಾಗಿ ಉಳಿದಿದೆ ಎಂಬುದನ್ನೂ ನಿಮ್ಮ ಸಮಿತಿಗೆ ನೆನಪಿಸಿ.) ಜಾಗದ ಹಂಚಿಕೆಯಲ್ಲೂ ಇದೇ ಗತಿ: ತಲೆಗಿಷ್ಟು ಚದರಡಿ ಪ್ರಯೋಗಾಲಯ ಎಂದು ಹಂಚಿದರೆ ಬಲೆ, ಒದ್ದೆ ಬೂಟು, ಮಣ್ಣಿನ ಚೀಲ ಇಡಲು ಸ್ಟೋರ್ ರೂಮೇ ಇರುವುದಿಲ್ಲ. ಜೀಪಿನ ಡೀಸೆಲ್ಲು, ಕಾಡಿನ ಸಹಾಯಕರ ದಿನಗೂಲಿ – ಇವೆರಡನ್ನು ವಿಭಾಗದ ಸಾಮಾನ್ಯ ಖರ್ಚಿಗೆ ಸೇರಿಸದೆ ಪ್ರತ್ಯೇಕ ತಲೆಬರಹದಲ್ಲಿ ಇಡಿ. ಸೇರಿಸಿದರೆ ಕೊರತೆ ಬಂದ ವರ್ಷ ಮೊದಲು ಕತ್ತರಿ ಬೀಳುವುದು ಅವಕ್ಕೇ.

ಪ್ರಶ್ನೆ: ಎಂ.ಎಸ್‌ಸಿ. ಹೆಸರೂ ಬದಲಾಗಬೇಕೇ?
– ಒಬ್ಬ ವಿದ್ಯಾರ್ಥಿ

ಉತ್ತರ: ಬೇಡ. ಸಂಶೋಧನಾ ಫೆಲೋಶಿಪ್ ಮತ್ತು ಅಧ್ಯಾಪಕ ಅರ್ಹತೆಯ ರಾಷ್ಟ್ರೀಯ ಪರೀಕ್ಷೆಯಾದ ಸಿಎಸ್‌ಐಆರ್ ನೆಟ್‌ನಲ್ಲಿ ಲೈಫ್ ಸೈನ್ಸಸ್ (ಜೀವವಿಜ್ಞಾನ) ಒಂದೇ ವಿಷಯ, ಅಲ್ಲಿ ತೊಂದರೆಯಿಲ್ಲ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ನೇಮಕಾತಿಯಲ್ಲಿ ಮಾತ್ರ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಹುದ್ದೆಗಳನ್ನು ಬೇರೆ ಬೇರೆಯಾಗಿಯೇ ಕರೆಯುತ್ತಾರೆ. ಬರೀ ‘ಜೀವವಿಜ್ಞಾನ’ ಎಂದಿರುವ ಅಂಕಪಟ್ಟಿ ಹಿಡಿದು ದಾಖಲೆ ಪರಿಶೀಲನೆಗೆ ಹೋದವರು ತಕರಾರು ಎದುರಿಸಬೇಕಾದೀತು. ವಿಭಾಗ ಒಂದಾದರೂ ಪದವಿಗಳು ಹಳೆಯ ಹೆಸರಿನಲ್ಲೇ ಇರಲಿ. ಈಗಾಗಲೇ ನೋಂದಣಿಯಾದ ಪಿಎಚ್‌ಡಿ ವಿದ್ಯಾರ್ಥಿಗಳ ವಿಷಯದ ಹೆಸರು ಬದಲಾಗುವುದಿಲ್ಲವೆಂದು ಸಿಂಡಿಕೇಟಿಗೆ ಹೋಗುವ ಟಿಪ್ಪಣಿಯಲ್ಲೇ ಬರೆಸಿ. ಅಧ್ಯಕ್ಷಗಿರಿಯ ಸರದಿಗೆ ಯಾವ ಜ್ಯೇಷ್ಠತಾ ಪಟ್ಟಿ ಎಂಬುದನ್ನೂ ಅಲ್ಲೇ ಬರೆಸಿದರೆ ಒಳ್ಳೆಯದು.

ಪ್ರಶ್ನೆ: ಹರ್ಬೇರಿಯಂ (ಒಣಗಿಸಿ ಹಾಳೆಗಂಟಿಸಿದ ಗಿಡಗಳ ಸಂಗ್ರಹ) ಮತ್ತು ಫ್ರೀಜರುಗಳನ್ನು ಒಂದೇ ಮಹಡಿಗೆ ತರಬೇಕಂತೆ. ಏನು ಎಚ್ಚರಿಕೆ?
– ಪ್ರಯೋಗಾಲಯ ಸಹಾಯಕರು

ಉತ್ತರ: ಮೈನಸ್ 80 ಡಿಗ್ರಿಯ ಹಳೆಯ ಫ್ರೀಜರ್ ಒಂದಕ್ಕೆ ದಿನಕ್ಕೆ 15ರಿಂದ 20 ಯೂನಿಟ್ ವಿದ್ಯುತ್ ಬೇಕು. ಆರು ಫ್ರೀಜರ್ ಒಂದೇ ಕೋಣೆಗೆ ಬಂದರೆ ದಿನಕ್ಕೆ ನೂರು ಯೂನಿಟ್ ಹಿಡಿಯಿರಿ. ಅಷ್ಟೂ ಶಾಖವಾಗಿ ಆ ಕೋಣೆಗೇ ಇಳಿಯುತ್ತದೆ. ಅದನ್ನು ಎಳೆಯಲು ಒಂದೂವರೆ ಟನ್ನಿನ ಎಸಿ ಸಾಕು, ಆದರೆ ಎರಡು ಹಾಕಿಸಿ. ಒಂದೇ ಇದ್ದು ಅದು ಕೆಟ್ಟರೆ ಮೂರೂ ಕಡೆಯವರ ಮಾದರಿಗಳು ಒಂದೇ ರಾತ್ರಿ ಅಪಾಯಕ್ಕೆ ಸಿಲುಕುತ್ತವೆ. ಪ್ರತಿ ಫ್ರೀಜರಿಗೂ ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್ಚು), ಎಲ್ಲಕ್ಕೂ ಜನರೇಟರ್ ಲೈನ್ ಇರಲಿ. ಸಾಗಿಸುವಾಗ ಮಾದರಿಗಳನ್ನು ಥರ್ಮೋಕೋಲ್ ಡಬ್ಬಿಯಲ್ಲಿ ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಜೊತೆ ಇಡಿ. ಮುಚ್ಚಳವನ್ನು ಗಾಳಿಯಾಡದಂತೆ ಬಿಗಿಯಬೇಡಿ, ಅನಿಲ ತುಂಬಿ ಸಿಡಿಯುತ್ತದೆ. ಫ್ರೀಜರನ್ನು ಓರೆ ಮಾಡಿ ಸಾಗಿಸಿದ್ದರೆ ನೆಟ್ಟಗೆ ನಿಲ್ಲಿಸಿ ಒಂದು ದಿನ ಬಿಟ್ಟು ಚಾಲೂ ಮಾಡಿ. ಕಂಪ್ರೆಸರಿನ ಎಣ್ಣೆ ಕೆಳಗಿಳಿಯಬೇಕು.

ಹರ್ಬೇರಿಯಂ ಹಾಳೆಗಳ ಕಟ್ಟುಗಳನ್ನು ಪಾಲಿಥಿನ್ ಚೀಲದಲ್ಲಿ ಮುಚ್ಚಿ ಮೈನಸ್ 20ರಲ್ಲಿ ಒಂದು ವಾರ ಇಟ್ಟ ಮೇಲೆಯೇ ಹೊಸ ಕಪಾಟಿಗೆ ಸೇರಿಸಿ. ಒಂದು ಕಟ್ಟಿನಲ್ಲಿ ಉಳಿದ ಸಿಗರೇಟ್ ಬೀಟಲ್ ಹುಳು ಇಡೀ ಸಂಗ್ರಹಕ್ಕೆ ಹಬ್ಬುತ್ತದೆ. ಹೊರತೆಗೆದ ತಕ್ಷಣ ಚೀಲ ಬಿಚ್ಚಬೇಡಿ. ತಣ್ಣನೆಯ ಹಾಳೆಯ ಮೇಲೆ ನೀರಾಡಿ ಬೂಸು ಹಿಡಿಯುತ್ತದೆ. ಕೋಣೆಯ ಬಿಸಿಗೆ ಬರಲು ಒಂದು ದಿನ ಕೊಡಿ. ಹಳೆಯ ಹಾಳೆಗಳಿಗೆ ಹುಳು ಬಾರದಿರಲೆಂದು ಮರ್ಕ್ಯುರಿಕ್ ಕ್ಲೋರೈಡ್ ಸವರಿರುವುದುಂಟು. ದಶಕಗಳಾದರೂ ಅದರ ವಿಷ ಇಳಿದಿರುವುದಿಲ್ಲ, ಕೈಗವಸಿಲ್ಲದೆ ಮುಟ್ಟಬೇಡಿ.

ಹಾಳೆ ಯಾವ ಹರ್ಬೇರಿಯಂನದೆಂದು ಪ್ರಬಂಧಗಳಲ್ಲಿ ಸೂಚಿಸುವ ಸಂಕೇತಾಕ್ಷರ ಮಾತ್ರ ಬದಲಿಸಬೇಡಿ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಸಸ್ಯವಿಜ್ಞಾನಿ ಫಾದರ್ ಸೆಸಿಲ್ ಸಲ್ಡಾನಾ ಬೆಳೆಸಿದ ಸಂಗ್ರಹ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರೂ ಇಂದಿಗೂ ಅದರ ಸಂಕೇತ ‘ಜೆಸಿಬಿ’ (JCB) ಎಂದೇ, ಹಳೆಯ ಪ್ರಬಂಧದಲ್ಲಿ ಆ ಮೂರಕ್ಷರ ಕಂಡವರು ಹಾಳೆ ಎಲ್ಲಿದೆಯೆಂದು ಹುಡುಕಿಕೊಂಡು ಬರಬಹುದು.