ಮಂಗಳೂರಲ್ಲಿ ಊಟ ಎಲ್ಲಿ? ಮೊದ್ಲು ಗಡಿಯಾರ ನೋಡಿ

ಪ್ರಶ್ನೆ: ಮೇಡಂ, ಮಗಳನ್ನ ಕಾಲೇಜಿಗೆ ಸೇರಿಸೋಕೆ ಜೂನ್ ಕೊನೆ ವಾರ ಮಂಗಳೂರಿಗೆ ಬರ್ತಿದೀವಿ, ಎರಡು ದಿನ ಇರ್ತೀವಿ. ನಾನು, ಮಗಳು ಮೀನು ಅಂದ್ರೆ ಬಿಡಲ್ಲ. ಯೂಟ್ಯೂಬ್ ತೆಗೆದ್ರೆ ಒಂದೊಂದು ವಿಡಿಯೋದಲ್ಲಿ ಒಂದೊಂದು ಹೋಟೆಲ್ಲು, ತಲೆ ಕೆಟ್ಟೋಯ್ತು. ಸುಮ್ನೆ ಒಳ್ಳೆ ಹೋಟೆಲ್ ಹೆಸ್ರು ಹೇಳಿಬಿಡಿ.
- ಒಬ್ಬ ಓದುಗರು, ದಾವಣಗೆರೆ

ಉತ್ತರ: ಹೆಸ್ರು ಹೇಳ್ತೇನೆ, ಆದ್ರೆ ಹೆಸ್ರಿಗಿಂತ ಮೊದ್ಲು ಕ್ಯಾಲೆಂಡರ್ ನೋಡ್ಬೇಕು ಮಾರಾಯ್ರೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯೋ ಹಾಗಿಲ್ಲ, ಮೀನು ಮೊಟ್ಟೆ ಇಡೋ ಸಮಯ ಅಂತ ಸರ್ಕಾರವೇ ನಿಲ್ಲಿಸ್ತದೆ. ನಾಡದೋಣಿಯವ್ರು ಮಾತ್ರ ಕಡಲು ಸ್ವಲ್ಪ ತಣ್ಣಗಿದ್ದಾಗ ಹೋಗಿ ಒಂದಿಷ್ಟು ತರ್ತಾರೆ. ಹಾಗಿದ್ರೂ ಹೋಟೆಲ್‌ಗಳಲ್ಲಿ ಮೀನು ಇರ್ತದಲ್ಲ, ಅದು ಎಲ್ಲಿಂದ ಬಂತು? ತಮಿಳುನಾಡು, ಆಂಧ್ರ ಕಡೆ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗೀತದೆ, ನೀವು ಬರೋ ಹೊತ್ತಿಗೆ ಅಲ್ಲಿನ ಬೋಟು ಇಳಿದಿರ್ತದೆ, ಆ ಮೀನು ಐಸ್ ಹಾಕಿಸಿಕೊಂಡು ಲಾರಿಯಲ್ಲಿ ಈ ಕಡೆ ಬರ್ತದೆ. ಕೆಟ್ಟದ್ದು ಅಂತ ಅಲ್ಲ, ಆದ್ರೆ ಸೆಪ್ಟೆಂಬರ್‌ನಲ್ಲಿ ಬಂದವ್ರು ತಿಂದ ರುಚಿಯನ್ನ ವಿಡಿಯೋದಲ್ಲಿ ನೋಡಿ ಜೂನ್‌ನಲ್ಲಿ ಹುಡುಕಿದ್ರೆ ಸಿಗೋದಿಲ್ಲ, ರೇಟೂ ಜಾಸ್ತಿ ಇರ್ತದೆ.

ಅದಕ್ಕೇ ಹೋಟೆಲಲ್ಲಿ ಕೂತ ತಕ್ಷಣ "ಕಾಣೆ ಉಂಟಾ, ಅಂಜಲ್ ಉಂಟಾ" ಅಂತ ಕೇಳ್ಬೇಡಿ. "ಇವತ್ತು ಫ್ರೆಶ್ ಎಂತ ಉಂಟು?" ಅಂತ ಕೇಳಿ. ಬಂಗುಡೆ ಅಂದ್ರೆ ಬಂಗುಡೆ, ಬೂತಾಯಿ ಅಂದ್ರೆ ಬೂತಾಯಿ, ಅದನ್ನೇ ತಿನ್ನಿ. ಬೂತಾಯಿ ಮುಳ್ಳು ಜಾಸ್ತಿ, ದಾವಣಗೆರೆಯವ್ರಿಗೆ ಕಿರಿಕಿರಿ ಆಗ್ಬಹುದು, ಆದ್ರೆ ಪುಳಿಮುಂಚಿ, ಅಂದ್ರೆ ಹುಳಿ ಖಾರದ ಮಸಾಲೆ, ಮಾಡಿದ್ರೆ ನನ್ನ ಮಟ್ಟಿಗೆ ಅಂಜಲ್‌ಗಿಂತ ಅದೇ ಮೇಲು. ಕೆಲವು ಕಡೆ ಮಸಾಲೆ ಹಚ್ಚಿದ ಮೀನನ್ನ ದೊಡ್ಡ ತಟ್ಟೆಯಲ್ಲಿ ಜೋಡಿಸಿ ಟೇಬಲ್ ಹತ್ರನೇ ತಂದು ತೋರಿಸ್ತಾರೆ, ನೋಡಿ ಖುಷಿಯಾಗ್ತದೆ, ಕೈ ತೋರಿಸೋ ಮೊದ್ಲು ರೇಟು ಕೇಳಿ. ಮೆನುವಿನಲ್ಲಿ ರೇಟಿನ ಜಾಗದಲ್ಲಿ ಎಪಿಎಸ್ ಅಂತ ಇರ್ತದೆ, ಸೈಜ್ ನೋಡಿ ರೇಟು ಅಂತ ಲೆಕ್ಕ, ಬಿಲ್ ಬಂದ ಮೇಲೆ ಜಗಳ ಮಾಡಿ ಪ್ರಯೋಜನ ಇಲ್ಲ. ಮಸಾಲೆ ಮೆತ್ತಿದ ಮೇಲೆ ಕಣ್ಣು, ಕಿವಿರು ನೋಡಿ ತಾಜಾನಾ ಅಂತ ಹೇಳ್ಲಿಕ್ಕೆ ಆಗೋದಿಲ್ಲ, ತಟ್ಟೆಗೆ ಬಂದ ಮೇಲೆ ಗೊತ್ತಾಗ್ತದೆ. ಕಾಣೆಯ ನಡು ಮುಳ್ಳು ಹಿಡಿದು ಎಳೆದ್ರೆ ಮಾಂಸ ದಪ್ಪ ದಪ್ಪ ಎಸಳಾಗಿ ಬಿಟ್ಟು ಬಂದ್ರೆ ಒಳ್ಳೇದು, ಹಿಟ್ಟಿನ ಹಾಗೆ ಬೆರಳಿಗೆ ಅಂಟಿದ್ರೆ ಅದು ಐಸ್‌ನಲ್ಲಿ ತುಂಬಾ ದಿನ ಕೂತಿತ್ತು ಅಂತ ಅರ್ಥ.

ಇನ್ನೊಂದು, ಮೀನಿನ ಊಟ ಅಂತ ಆರ್ಡರ್ ಮಾಡಿದ್ರೆ ಹೆಚ್ಚಿನ ಕಡೆ ಬರೋದು ಕುಚ್ಚಲಕ್ಕಿ ಅನ್ನ, ಮೀನಿನ ಗಸಿ (ಕಾಯಿ ಮಸಾಲೆಯ ಸಾರು), ಒಂದು ಪಲ್ಯ, ಉಪ್ಪಿನಕಾಯಿ. ಗಸಿಯಲ್ಲಿ ತುಂಡು ಇರ್ಲೂಬಹುದು, ಇಲ್ದೆಯೂ ಇರ್ಬಹುದು. ಫ್ರೈ ಬೇರೆ ಹೇಳ್ಬೇಕು. ಹೊರಗಿನಿಂದ ಬಂದವ್ರು "ಮೀನೇ ಇಲ್ಲ" ಅಂತ ರಿವ್ಯೂ ಬರೆಯೋದು ಇದೇ ವಿಷಯಕ್ಕೆ.

ಈಗ ಹೆಸ್ರು. ರಥಬೀದಿ ಕಡೆ ಗಿರಿಮಂಜಾಸ್, ಬಂದರಿನಲ್ಲಿ ನಾರಾಯಣ, ಎರಡೂ ಸಣ್ಣ ಜಾಗ, ಎರಡರಲ್ಲೂ ರಶ್ಶು, ಎಸಿ ಹಾಲ್‌ನಲ್ಲಿ ಕಾಲು ಚಾಚಿ ಕೂತ್ಕೊಳ್ಳೋ ಆಸೆ ಇದ್ರೆ ಅಲ್ಲಿಗೆ ಹೋಗ್ಬೇಡಿ. ಹನ್ನೆರಡೂವರೆಗೆ ಹೋಗಿ. ಎರಡು ಗಂಟೆ ಆಯ್ತು ಅಂದ್ರೆ "ಅದು ಮುಗೀತು, ಇದು ಮುಗೀತು" ಅಂತ ಶುರುವಾಗ್ತದೆ, ನಾನಂತೂ ಮುಗೀತು ಅನ್ನೋ ಹೋಟೆಲನ್ನೇ ನಂಬೋದು, ರಾತ್ರಿ ಹತ್ತಕ್ಕೆ ಹೋದ್ರೂ ಎಲ್ಲಾ ಮೀನೂ ಉಂಟು ಅನ್ನೋ ಕಡೆ ಸ್ವಲ್ಪ ಯೋಚ್ನೆ ಮಾಡ್ಬೇಕು. ಕಾಲೇಜಿನ ಕೆಲ್ಸ ಮುಗಿಯೋದು ಲೇಟಾದ್ರೆ ಆಫೀಸಿನ ಕ್ಲರ್ಕ್ ಹತ್ರ "ಒಳ್ಳೆ ಹೋಟೆಲ್ ಯಾವ್ದು" ಅಂತ ಕೇಳ್ಬೇಡಿ, ಮರ್ಯಾದೆಗೆ ಯಾವ್ದೋ ದೊಡ್ಡ ಹೋಟೆಲ್ ಹೇಳಿಬಿಡ್ತಾರೆ. "ಬುತ್ತಿ ತರದ ದಿನ ನೀವು ಎಲ್ಲಿ ಊಟ ಮಾಡ್ತೀರಿ" ಅಂತ ಕೇಳಿ, ಆಗ ಸರಿಯಾದ ಉತ್ತರ ಬರ್ತದೆ.

ಪ್ರಶ್ನೆ: ನಾವು ಪಕ್ಕಾ ವೆಜ್. ಉಡುಪಿ ಹೋಟೆಲ್ ಮೈಸೂರಲ್ಲೇ ಬೇಕಾದಷ್ಟಿದೆ. ಮಂಗಳೂರಿಗೆ ಬಂದು ಮತ್ತೆ ಇಡ್ಲಿ ವಡೆ ಮಸಾಲೆ ದೋಸೆ ತಿನ್ಬೇಕಾ? ನಮಗೆ ಅಂತ ಏನೂ ಇಲ್ವಾ?
- ಒಬ್ಬ ಓದುಗರು, ಮೈಸೂರು

ಉತ್ತರ: ಮಸಾಲೆ ದೋಸೆ ತಿನ್ಲಿಕ್ಕೆ ಮೈಸೂರಿನಿಂದ ಇಲ್ಲಿಗೆ ಬರೋದು ಬೇಡ್ವೇ ಬೇಡ. ಬೆಳಿಗ್ಗೆ ಸಜ್ಜಿಗೆ ಬಜಿಲ್ ಕೇಳಿ, ಉಪ್ಪಿಟ್ಟು ಮತ್ತೆ ಖಾರ ಅವಲಕ್ಕಿ ಒಂದೇ ಪ್ಲೇಟಿನಲ್ಲಿ, ಕಲಸಿ ತಿನ್ನೋದು. ಉಪ್ಪಿಟ್ಟು ಕಂಡ್ರೆ ಮುಖ ಸಿಂಡರಿಸೋ ಮಕ್ಕಳೂ ಇದನ್ನ ತಿಂತಾರೆ, ಯಾಕಂದ್ರೆ ಅವಲಕ್ಕಿ ಕಾಯಿತುರಿಯಲ್ಲಿ ನೆಂದು ಅರ್ಧ ಮೆತ್ತಗೆ ಅರ್ಧ ಗರಿ ಇರ್ತದೆ. ಮತ್ತೆ ಬನ್ಸ್, ಬೇಕರಿ ಬನ್ನಲ್ಲ, ಕಳಿತ ಬಾಳೆಹಣ್ಣು ಹಿಚುಕಿ ಮೈದಾ ಮೊಸರು ಹಾಕಿ ರಾತ್ರಿ ಇಡೀ ಇಟ್ಟು ಬೆಳಿಗ್ಗೆ ದಪ್ಪ ಪೂರಿ ಹಾಗೆ ಕರೀತಾರೆ, ಸಣ್ಣ ಸಿಹಿ, ನಡುವೆ ಜೀರಿಗೆ. ಬಿಸಿ ಇರುವಾಗ್ಲೇ ತಿನ್ಬೇಕು, ಆರಿದ್ರೆ ಎಳೆದು ಎಳೆದು ತಿನ್ಬೇಕಾಗ್ತದೆ. ಗಾಜಿನ ಪೆಟ್ಟಿಗೆಯಲ್ಲಿ ರಾಶಿ ಹಾಕಿಟ್ಟಿದ್ರೆ ತಗೋಬೇಡಿ. ಕೊಡಿಯಾಲಬೈಲಿನ ನ್ಯೂ ತಾಜ್‌ಮಹಲ್ ಕೆಫೆ ಈ ಥರ ತಿಂಡಿಗೆ ಹಳೇ ಹೆಸರು, ಗೋಳಿಬಜೆ (ಮೈದಾ ಮೊಸರಿನ ಬೋಂಡಾ), ಬಿಸ್ಕುಟ್ ರೊಟ್ಟಿ (ಒಳಗೆ ಖಾರದ ಹೂರಣ ತುಂಬಿ ಕರಿದ ಪುಟ್ಟ ಪೂರಿ) ಎಲ್ಲಾ ಅಲ್ಲಿ ನೋಡ್ಬಹುದು. ಗೋಳಿಬಜೆಗೆ ಮಾತ್ರ ಸಂಜೆ ನಾಲ್ಕರ ಹೊತ್ತಿಗೆ ಹೋಗಿ, ಎಣ್ಣೆಯಿಂದ ಎತ್ತಿದ ಕೂಡ್ಲೆ ಮುರಿದ್ರೆ ಒಳಗೆ ಬಲೆ ಬಲೆಯಾಗಿ ಆವಿ ಬರ್ಬೇಕು. ಸೋಡದ ವಾಸನೆ ಬಂದ್ರೆ ಅಲ್ಲಿಗೆ ಬಿಡಿ.

ನೀರುದೋಸೆಯನ್ನ ಚಟ್ನಿ ಜೊತೆ ಎಲ್ರೂ ತಿಂತಾರೆ, ನೀವು ಕಾಯಿಬೆಲ್ಲ ಇದ್ಯಾ ಅಂತ ಕೇಳಿ ನೋಡಿ. ಮಧ್ಯಾಹ್ನಕ್ಕೆ ಕೊಂಕಣಿಯವ್ರ ಅಡುಗೆ ಸಿಗೋ ಕಡೆ ಹೋದ್ರೆ ಇಂಗಿನ ಒಗ್ಗರಣೆಯ ದಾಳಿತೋಯ್ ಅನ್ನೋ ತಿಳಿ ತೊವ್ವೆ ಒಂದೇ ಸಾಕು ಊಟಕ್ಕೆ. ಮಳೆಗಾಲದಲ್ಲಿ ಬಂದ್ರೆ ವೆಜ್‌ನವ್ರಿಗೇ ಲಾಭ ಅಂತ ಹೇಳ್ಬೇಕು, ಕೆಸುವಿನ ಎಲೆಯ ಪತ್ರೊಡೆ, ಕಣಿಲೆ ಅಂದ್ರೆ ಎಳೆ ಬಿದಿರು, ತಜಂಕು ಸೊಪ್ಪು ಎಲ್ಲಾ ಆ ಟೈಮಿಂದೇ, ಮೀನಿಗೆ ರಜೆ ಇರುವಾಗ್ಲೇ ಇವಕ್ಕೆ ಸೀಸನ್ನು. ಇವು ಮೆನುಕಾರ್ಡಲ್ಲಿ ಇರೋದಿಲ್ಲ, ಬಾಗಿಲ ಹತ್ರ ಬೋರ್ಡಲ್ಲಿ ಚಾಕ್‌ಪೀಸಿನಲ್ಲಿ ಬರ್ದಿರ್ತಾರೆ, ಇಲ್ಲ ಸಪ್ಲೈಯರ್ ಬಾಯಲ್ಲಿ ಹೇಳ್ತಾನೆ. ಐಸ್‌ಕ್ರೀಮಿಗೆ 1975ರಲ್ಲಿ ಶುರುವಾದ ಐಡಿಯಲ್, ಅವರದ್ದೇ ಪಬ್ಬಾಸ್. ಐಸ್‌ಕ್ರೀಮು, ಹಣ್ಣು, ಜೆಲ್ಲಿ ಪದರ ಪದರವಾಗಿ ಹಾಕೋ ಗಡ್‌ಬಡ್ ಒಂದು ಗ್ಲಾಸ್ ಇಬ್ರಿಗೆ ಸಾಕು, ಊಟ ಆದ ಮೇಲಂತೂ ಒಬ್ರಿಗೆ ಮುಗಿಸ್ಲಿಕ್ಕೆ ಕಷ್ಟ.

ಪ್ರಶ್ನೆ: ಯಾವ ಊರಿಗೆ ಹೋದ್ರೂ ಮೊಬೈಲಲ್ಲಿ 4.5 ರೇಟಿಂಗ್ ನೋಡಿಯೇ ಹೋಗ್ತೀನಿ, ಆದ್ರೂ ಸಪ್ಪೆ ಊಟ ಸಿಗತ್ತೆ. ರೇಟಿಂಗ್ ಎಲ್ಲಾ ದುಡ್ಡು ಕೊಟ್ಟು ಹಾಕ್ಸೋದಾ?
- ಒಬ್ಬ ಓದುಗರು, ಬೆಂಗಳೂರು

ಉತ್ತರ: ಕೆಲವು ಹಾಗಿರ್ಬಹುದು, ಆದ್ರೆ ಅಷ್ಟೇ ಅಲ್ಲ. ರೇಟಿಂಗ್ ಕೊಡೋರು ಊಟಕ್ಕೆ ಮಾತ್ರ ಕೊಡೋದಿಲ್ಲ, ಪಾರ್ಕಿಂಗ್, ಟಾಯ್ಲೆಟ್, ಸೆಲ್ಫಿ ಜಾಗ ಎಲ್ಲಾ ಸೇರಿಸಿ ಕೊಡ್ತಾರೆ. ಪಾರ್ಸೆಲ್ ಆ್ಯಪ್‌ನ ರೇಟಿಂಗ್ ಅಂತೂ ಡೆಲಿವರಿ ಹುಡುಗ ಬೇಗ ಬಂದ, ಡಬ್ಬ ಸೋರಲಿಲ್ಲ ಅನ್ನೋದಕ್ಕೂ ಬಿದ್ದಿರ್ತದೆ, ಹೋಟೆಲಲ್ಲೇ ಕೂತು ತಿನ್ನೋರಿಗೆ ಅದ್ರಿಂದ ಎಂತ ಉಪಯೋಗ? ನಂಬರ್ ಬಿಟ್ಟು ಫೋಟೋ ನೋಡಿ, ಅದೂ ಹೊಸತು ಮೊದ್ಲು ಬರೋ ಹಾಗೆ ಮಾಡಿಕೊಂಡು ನೋಡಿ. ಗಿರಾಕಿಗಳು ಹಾಕಿದ ಫೋಟೋದಲ್ಲಿ ಕುಚ್ಚಲಕ್ಕಿ ಅನ್ನ ಕಾಣ್ತಾ ಉಂಟಾ, ಇಲ್ಲ ಎಲ್ಲಾ ತಟ್ಟೆಯಲ್ಲೂ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲನಾ? ಮಂಗಳೂರಿಗೆ ಬಂದು ಎರಡನೇ ಥರದ ಹೋಟೆಲಲ್ಲಿ ಮೀನು ಆರ್ಡರ್ ಮಾಡಿದ್ರೆ ಸಪ್ಪೆಯೇ ಸಿಗೋದು. ಮತ್ತೆ ರಿವ್ಯೂ ಕನ್ನಡದಲ್ಲಿ, ತುಳುವಿನಲ್ಲಿ ಬರ್ದದ್ದು ಇದ್ರೆ ಅದನ್ನೇ ಓದಿ. ಊರಿನವ್ರು ಬೈದ್ರೂ ಉಪಯೋಗ ಉಂಟು, "ಮೊದ್ಲಿನ ಅಡುಗೆಯವ್ರು ಬಿಟ್ಟ ಮೇಲೆ ಗಸಿ ಹಾಳಾಯ್ತು" ಅಂತ ಊರಿನವ್ರೇ ಬರೀಬೇಕಷ್ಟೆ, ಟೂರಿಸ್ಟಿಗೆ ಅದು ಎಲ್ಲಿಂದ ಗೊತ್ತಾಗ್ಬೇಕು.

ಪ್ರಶ್ನೆ: ಮೇಡಂ, ಕೋರಿ ರೊಟ್ಟಿ ಅಂದ್ರ ನಮ್ಮ ಕಡಕ್ ರೊಟ್ಟಿ ಹಂಗ ಅಂತಾರ, ಖರೇನಾ? ಹೆಂಗ ತಿನ್ಬೇಕ್ರಿ ಅದನ್ನ? ಘೀ ರೋಸ್ಟ್ ಮಂಗಳೂರಾಗ ಎಲ್ಲಿ ಛಲೋ ಸಿಗ್ತೈತಿ ಅದನ್ನೂ ಹೇಳ್ರಿ.
- ಒಬ್ಬ ಓದುಗರು, ವಿಜಯಪುರ

ಉತ್ತರ: ನೋಡ್ಲಿಕ್ಕೆ ಹಾಗೆ ಕಾಣ್ತದೆ, ಆದ್ರೆ ಇದು ಜೋಳದ್ದಲ್ಲ, ಕುಚ್ಚಲಕ್ಕಿ ಅರೆದು ಮಾಡೋದು, ಕಾಗದದಷ್ಟು ತೆಳ್ಳಗೆ. ಹರಿದು ಅದ್ದಿ ತಿನ್ಲಿಕ್ಕೆ ಹೋಗ್ಬೇಡಿ, ಪುಡಿಯಾಗ್ತದೆ. ತಟ್ಟೆಯಲ್ಲಿ ಕೈಯಲ್ಲೇ ಮುರಿದು ಹರಡಿ, ಮೇಲಿಂದ ಕೋಳಿ ಗಸಿ ಧಾರಾಳ ಸುರೀರಿ. ಕೆಳಗಿನದ್ದು ನೆನೆದಿರ್ಬೇಕು, ಮೇಲಿನದ್ದು ಇನ್ನೂ ಕುರುಕುರು ಅನ್ಬೇಕು, ಆ ಹೊತ್ತಿಗೆ ಬೇಗ ಬೇಗ ತಿನ್ನಿ, ಫೋಟೋ ತೆಗೀತಾ ಕೂತ್ರೆ ಗಂಜಿಯಾಗ್ತದೆ. ಗಸಿ ಕಮ್ಮಿ ಬಿದ್ರೆ ನಾಚಿಕೆ ಬೇಡ, ಇನ್ನಷ್ಟು ಕೇಳಿ.

ಘೀ ರೋಸ್ಟ್, ಅಂದ್ರೆ ತುಪ್ಪದಲ್ಲಿ ಹುರಿದ ಖಾರದ ಕೋಳಿ, ಮಂಗಳೂರಿನದ್ದು ಅಂತ ಊರೆಲ್ಲಾ ಬೋರ್ಡ್ ಹಾಕ್ತಾರೆ, ಆದ್ರೆ ಆ ಹೆಸ್ರು ಕುಂದಾಪುರಕ್ಕೆ ಹೋಗ್ಬೇಕು, ಅಲ್ಲಿನ ಶೆಟ್ಟಿ ಲಂಚ್ ಹೋಮ್‌ನಲ್ಲಿ ಹುಟ್ಟಿದ್ದು ಅಂತ ಎಲ್ರೂ ಒಪ್ಪೋ ಮಾತು. ನೀವು ವಿಜಯಪುರದಿಂದ ಹುಬ್ಳಿ, ಅಂಕೋಲಾ ಮೇಲೆ ಬರೋದಾದ್ರೆ ಕುಂದಾಪುರ ದಾರಿಯಲ್ಲೇ ಸಿಗ್ತದೆ, ಅಲ್ಲೇ ಇಳಿದು ನೀರುದೋಸೆ ಜೊತೆ ತಿಂದು ಬನ್ನಿ, ಮಂಗಳೂರಲ್ಲಿ ಅದನ್ನ ಹುಡುಕೋ ಕೆಲ್ಸ ಉಳೀತದೆ. ವಾಪಸ್ ಹೋಗುವಾಗ ರೊಟ್ಟಿ ಪ್ಯಾಕೆಟ್ ಅಂಗಡಿಗಳಲ್ಲಿ ಸಿಗ್ತದೆ, ತಗೊಂಡು ಹೋಗಿ, ಮನೆಯಲ್ಲಿ ಗಸಿ ಮಾಡಿದ್ರಾಯ್ತು. ಬಸ್ಸಿನ ಡಿಕ್ಕಿಗೆ ಮಾತ್ರ ಹಾಕ್ಬೇಡಿ, ತೊಡೆ ಮೇಲೆ ಇಟ್ಕೊಳ್ಳಿ.