ಎಡಗಡೆಯ ಹೂ ಬಿದ್ದಾಗ

ಪ್ರಶ್ನೆ: ನನಗೆ 43 ವರ್ಷ. ತಮ್ಮನ ಎರಡೂ ಕಿಡ್ನಿಗಳು ಕೆಟ್ಟಿದ್ದು, ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದೆ. ನನ್ನ ಕಿಡ್ನಿ ಅವನಿಗೆ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ತಿಳಿದುಬಂದಿದೆ. ಕೊಡಲು ನಾನೂ ಒಪ್ಪಿದ್ದೆ. ಆದರೆ ಮನೆದೇವರ ಮೂರ್ತಿಯ ಎರಡೂ ಬದಿಗೆ ಹೂವಿಟ್ಟು ಅಪ್ಪಣೆ ಕೇಳಿಸಿದಾಗ, ಬೇಡವೆಂಬ ಅರ್ಥದ ಎಡಗಡೆಯ ಹೂ ಬಿತ್ತು. ದೇವರೇ ಬೇಡವೆಂದಿದ್ದಾನೆ ಎಂಬುದು ಅತ್ತೆಯವರ ಮಾತು. ಇನ್ನೊಮ್ಮೆ ಕೇಳಿಸೋಣ ಎನ್ನುತ್ತಾರೆ ಯಜಮಾನರು. ದೇವರನ್ನು ನಂಬಿದವಳು ಈಗ ಏನು ಮಾಡಬೇಕು?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಯಜಮಾನರ ಸಲಹೆಯನ್ನು ಮೊದಲೇ ಬದಿಗಿಡೋಣ. ಬಲಗಡೆಯ ಹೂ ಬೀಳುವವರೆಗೆ ಕೇಳಿಸುತ್ತ ಹೋದರೆ ಅದು ಕೇಳುವುದಲ್ಲ, ವಸೂಲಿ ಮಾಡುವುದು. ಅತ್ತೆಯವರ ಮಾತು ಅಷ್ಟು ಹಗುರವಾದದ್ದಲ್ಲ. ಮಲೆನಾಡು, ಕರಾವಳಿಗಳಲ್ಲಿ ಪ್ರಸಾದ ಕೇಳಿಯೇ ದೊಡ್ಡ ಕೆಲಸಗಳಿಗೆ ಕೈಹಾಕುವ ಮನೆಗಳು ಇಂದಿಗೂ ಇವೆ. ಇಡಗುಂಜಿ ಗಣಪತಿಯ ಪಾದದಲ್ಲಿ ಚೀಟಿಯಿಟ್ಟು ಮದುವೆ ಸಂಬಂಧ ನಿಶ್ಚಯಿಸುವ ಕುಟುಂಬಗಳಿವೆ. ಎರಡೂ ದಾರಿಗಳು ಸಮವಾಗಿ ಕಂಡು, ಇನ್ನು ತಿಳಿಯುವುದು ಏನೂ ಉಳಿದಿಲ್ಲವೆಂದಾದಾಗ ಹೂವು ಮನಸ್ಸಿಗೆ ಆಧಾರವಾದೀತು. ನಿಮ್ಮ ವಿಷಯದಲ್ಲಾದರೋ ತಿಳಿಯಬೇಕಾದದ್ದು ಇನ್ನೂ ಬಹಳಷ್ಟಿದೆ.

ದಾನಿಯ ಪ್ರಾಣಕ್ಕೆ ಅಪಾಯವಾಗುವ ಸಂಭವ 10,000 ಶಸ್ತ್ರಚಿಕಿತ್ಸೆಗಳಿಗೆ ಸುಮಾರು 3 ಎಂಬುದು ವೈದ್ಯರ ಅಂದಾಜು. ಅದು ಸೊನ್ನೆಯಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ದಿನನಿತ್ಯದ ಕೆಲಸಕ್ಕೆ ಮರಳಬಹುದು. ಆದರೆ ರಕ್ತದೊತ್ತಡ ಮತ್ತು ಕಿಡ್ನಿಯ ತಪಾಸಣೆಯನ್ನು ಜೀವನಪೂರ್ತಿ ಮಾಡಿಸುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮನ ಕಿಡ್ನಿ ಏಕೆ ಕೆಟ್ಟಿತು ಎಂದು ಕೇಳಿ. ಕಿಡ್ನಿಯಲ್ಲಿ ನೀರುಗುಳ್ಳೆಗಳಾಗುವಂಥ, ವಂಶದಲ್ಲಿ ಹರಿದುಬರುವ ಕಾಯಿಲೆ ಅದಾಗಿದ್ದರೆ ಅಕ್ಕನಾದ ನಿಮ್ಮಲ್ಲಿಯೂ ಅದು ಇಲ್ಲವೆಂಬುದು ಮೊದಲು ಖಚಿತವಾಗಬೇಕು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಒಡಹುಟ್ಟಿದವರು ಹತ್ತಿರದ ಸಂಬಂಧಿಗಳೇ. ಆದರೂ ದಾನಕ್ಕೆ ನಿಮ್ಮ ಸ್ವಂತ ಇಚ್ಛೆಯ ಒಪ್ಪಿಗೆ ಬೇಕು, ಮತ್ತು ಶಸ್ತ್ರಚಿಕಿತ್ಸೆಯ ದಿನದವರೆಗೂ ಅದನ್ನು ಹಿಂದಕ್ಕೆ ಪಡೆಯಬಹುದು.

ಇಷ್ಟೆಲ್ಲ ಲೆಕ್ಕ ಹಾಕುವುದು ದೇವರ ಮೇಲಿನ ಅಪನಂಬಿಕೆಯಾಗುವುದಿಲ್ಲವೇ ಎಂದು ನಿಮಗೆ ಅನ್ನಿಸಬಹುದು. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕರ್ಮಕ್ಕೆ ಐದು ಕಾರಣಗಳನ್ನು ಹೇಳಿದೆ. ಅವುಗಳಲ್ಲಿ ಕರ್ತೃವಿನ ಸ್ಥಾನ ಎರಡನೆಯದು, ದೈವದ್ದು ಐದನೆಯದು. ಅದೇ ಅಧ್ಯಾಯದಲ್ಲಿ, ತನಗೇ ಶರಣಾಗು ಎಂದು ಹೇಳುವುದಕ್ಕೆ ಮೂರು ಶ್ಲೋಕಗಳಷ್ಟು ಮೊದಲು, ಇದೆಲ್ಲವನ್ನೂ ಪೂರ್ತಿಯಾಗಿ ವಿಮರ್ಶಿಸಿ ನಿನಗೆ ತೋಚಿದಂತೆ ಮಾಡು ಎಂದು ಕೃಷ್ಣ ಅರ್ಜುನನಿಗೆ ಹೇಳುತ್ತಾನೆ. ಯುದ್ಧಭೂಮಿಯಲ್ಲಿ ಎದುರಿಗೇ ನಿಂತಿದ್ದ ದೇವರೂ ಆ ನಿರ್ಧಾರವನ್ನು ತಾನು ತೆಗೆದುಕೊಳ್ಳಲಿಲ್ಲ.

ನೀವು ದಾನ ಮಾಡಲೇಬೇಕೆಂದು ನಾನು ಹೇಳುತ್ತಿಲ್ಲ. ಒಂದು ಮಾತನ್ನು ಮಾತ್ರ ನಿಮ್ಮನ್ನೇ ಕೇಳಿಕೊಳ್ಳಿ: ಎಡಗಡೆಯ ಹೂ ಬಿದ್ದ ಕ್ಷಣದಲ್ಲಿ ನಿಮಗಾದದ್ದು ದುಃಖವೇ, ಇಲ್ಲವೇ ಒಳಗೊಳಗೆ ಒಂದಿಷ್ಟು ನೆಮ್ಮದಿಯೇ? ನೆಮ್ಮದಿಯಾಗಿದ್ದರೆ ಅದರಲ್ಲಿ ಪಾಪವೇನೂ ಇಲ್ಲ. ಆದರೆ ಆ ಭಯ ನಿಮ್ಮದು, ಅದಕ್ಕೆ ದೇವರ ಹೆಸರಿಡಬೇಡಿ. ವೈದ್ಯರನ್ನು ಒಬ್ಬರೇ ಕಂಡು ಅದನ್ನು ಬಿಚ್ಚಿ ಹೇಳಿ. ದುಃಖವಾಗಿದ್ದರೆ, ಮುಂದಿನ ಭೇಟಿಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಸೊಸೆಗೆ ಏನಾದರೂ ಆದರೆ ಎಂಬ ಅಳುಕನ್ನು ಅವರು ಬಾಯಿಬಿಟ್ಟು ಆಡಿರಲಾರರು. ವೈದ್ಯರ ಎದುರು ಕುಳಿತಾಗ ಕೇಳಿಯಾರು.