ರೆಗಾಟ ಮೊದಲೋ, ತರಬೇತಿ ಮೊದಲೋ? ನನ್ನ ಕೇಳಿದರೆ ಎರಡೂ ಅಲ್ಲ

ಊರಿನ ಮಕ್ಕಳಿಗೆ ಹಾಯಿದೋಣಿ ಕಲಿಸಬೇಕು, ಎಂಟು ಆಪ್ಟಿಮಿಸ್ಟ್ ದೋಣಿ (ಮಕ್ಕಳ ಪುಟ್ಟ ಹಾಯಿದೋಣಿ), ಅಳಿವೆ ಪಕ್ಕದಲ್ಲಿ ಜಾಗ ಇದೆ, ಮೊದಲು ರಾಜ್ಯಮಟ್ಟದ ರೆಗಾಟ, ಅಂದರೆ ಹಾಯಿದೋಣಿ ಸ್ಪರ್ಧೆ, ಮಾಡಿದರೆ ಪ್ರಾಯೋಜಕರು ಸಿಗುತ್ತಾರಾ ಅಥವಾ ಮಕ್ಕಳ ತರಬೇತಿಯಿಂದ ಶುರು ಮಾಡೋದಾ ಅಂತ ಕೇಳಿದ್ದೀರಿ. ಹತ್ತು ವರ್ಷದ ಹಿಂದೆ ನಾನೇ ಬರೆದ ಹಾಗಿದೆ. ನಾನು ರೆಗಾಟ ಮೊದಲು ಮಾಡಿದವನು.

ಜಾಗ ಕುಂದಾಪುರದ ಹತ್ತಿರ, ಗಂಗೊಳ್ಳಿ ಅಳಿವೆಯ ಒಳಗೆ, ಐದು ಹೊಳೆ ಒಟ್ಟಾಗಿ ಪಂಚಗಂಗಾವಳಿಯಾಗಿ ಕಡಲು ಸೇರುವಲ್ಲಿ. ನಮ್ಮ ಸಣ್ಣ ತಂಡದ ಹೆಸರು ಬೇಡ, ಈಗ ಅದು ಇಲ್ಲ. ಡಿಸೆಂಬರ್‌ನ ಒಂದು ಭಾನುವಾರ, ಹದಿನಾಲ್ಕು ಮಕ್ಕಳು, ದಡದಲ್ಲಿ ಶಾಮಿಯಾನ, ಮೈಕು, ಉಪ್ಪಿಟ್ಟು. ಸ್ಪರ್ಧೆಯ ಅಧಿಕಾರಿ ನಾನು. ನಾನು ಹಾಯಿ ಕಲಿತದ್ದು ಕೆಆರ್‌ಎಸ್ ಹಿನ್ನೀರಿನಲ್ಲಿ. ಅಲ್ಲಿ ಗಾಳಿ ಒಂದನ್ನು ಓದಲು ಬಂದರೆ ಸಾಕು, ನೀರು ನಿಂತಲ್ಲೇ ಇರುತ್ತದೆ.

ಭರತ-ಇಳಿತದ ಪಟ್ಟಿ ನೋಡಿದ್ದೆ, ನೋಡಲಿಲ್ಲ ಅಂತಲ್ಲ. ಭರತ ಹನ್ನೊಂದರ ಆಸುಪಾಸು. ಒಂಬತ್ತಕ್ಕೆ ಮೊದಲ ರೇಸು, ನೀರು ತಿರುಗುವುದರೊಳಗೆ ಎರಡು ಮುಗಿಸಿ ಮಕ್ಕಳನ್ನು ದಡಕ್ಕೆ ಹತ್ತಿಸುವುದು, ಇದು ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಉದ್ಘಾಟನೆಗೆ ಬರಬೇಕಾದ ಅತಿಥಿ ಬಂದದ್ದು ಹನ್ನೆರಡೂವರೆಗೆ.

ಅಷ್ಟೂ ಹೊತ್ತು ನನ್ನ ದೋಣಿಯಲ್ಲಿ ಕೆಂಪು-ಬಿಳಿ ಪಟ್ಟೆಯ ಬಾವುಟ ಹಾರುತ್ತಿತ್ತು. 'ಸ್ಪರ್ಧೆ ಮುಂದೂಡಿದೆ' ಅಂತ ಅದರ ಅರ್ಥ. ಇಳಿಸಿ ಒಂದು ಸಲ ಹಾರ್ನ್ ಮಾಡಿದರೆ, ಒಂದು ನಿಮಿಷ ಕಳೆದು ಎಚ್ಚರಿಕೆ ಸಂಕೇತ, ಅಲ್ಲಿಂದ ಐದು ನಿಮಿಷಕ್ಕೆ ರೇಸು. ದಡದಲ್ಲಿದ್ದ ಮೀನುಗಾರ ಹಿರಿಯರೊಬ್ಬರು ಹತ್ತಿರ ಬಂದು, "ಇವತ್ತ್ ಬ್ಯಾಡ ಮಾರಾಯ್ರೆ, ಅಮಾಸಿ ನೀರ್, ಇಳುಕೆ ಶುರುವಾಯ್ತ್" ಅಂದರು. ನಾನು ಶಾಮಿಯಾನದ ಕಡೆ ನೋಡಿದೆ. ಬೆಳಿಗ್ಗೆಯಿಂದ ಕೂತ ಅಪ್ಪ-ಅಮ್ಮಂದಿರು, ಈಗ ತಾನೇ ಕುರ್ಚಿಗೆ ಕೂತ ಅತಿಥಿ. ಒಂದೂ ಕಾಲಿಗೆ ಬಾವುಟ ಇಳಿಸಿದೆ.

ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಭರತದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಆದರೆ ನೀರು ಆರೂ ಗಂಟೆ ಒಂದೇ ಸಮ ಇಳಿಯುವುದಿಲ್ಲ. ಒಟ್ಟು ಇಳಿಯುವುದನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯದರಲ್ಲಿ ಮೂರು ಮೂರು. ಅಂದರೆ ಅರ್ಧ ನೀರು ನಡುವಿನ ಎರಡೇ ಗಂಟೆಯಲ್ಲಿ ಹೋಗುತ್ತದೆ. ಹನ್ನೊಂದಕ್ಕೆ ಭರತವಾದರೆ ಅದು ಒಂದರಿಂದ ಮೂರು ಗಂಟೆ. ನಾನು ಮಕ್ಕಳನ್ನು ಬಿಟ್ಟದ್ದು ಸರಿಯಾಗಿ ಆ ಹೊತ್ತಿಗೆ. ಅದರ ಮೇಲೆ ಅಮಾವಾಸ್ಯೆ: ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು, ಸಮಯ ಮಾತ್ರ ಅಷ್ಟೇ ಆರು ಗಂಟೆ. ಐದು ಹೊಳೆಯ ನೀರು ಒಂದೇ ಬಾಗಿಲಲ್ಲಿ ಹೊರಗೆ ನುಗ್ಗುತ್ತಿರುತ್ತದೆ.

ಗಾಳಿಯೋ, ಮಧ್ಯಾಹ್ನದ ಕಡಲ ಗಾಳಿ, ಪಡುವಣದಿಂದ ಹತ್ತು-ಹನ್ನೆರಡು ನಾಟ್, ಅಂದರೆ ಗಂಟೆಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಕೆರೆಯಲ್ಲಾದರೆ ಸೊಗಸಾದ ಗಾಳಿ. ಅಳಿವೆಯಲ್ಲಿ ಗಾಳಿ ಒಳಗೆ, ನೀರು ಹೊರಗೆ. ಹೀಗೆ ಎದುರುಬದುರಾದಾಗ ಅಲೆಗಳು ಒಂದಕ್ಕೊಂದು ಹತ್ತಿರವಾಗಿ, ಗೋಡೆಯ ಹಾಗೆ ನೆಟ್ಟಗೆ ಏಳುತ್ತವೆ. ಆಪ್ಟಿಮಿಸ್ಟ್ ಅಂದರೆ 2.36 ಮೀಟರ್ ಉದ್ದದ, 35 ಕಿಲೋದ ಒಂದು ತೊಟ್ಟಿ. ನೀರು ತುಂಬಿದರೆ ತಾನಾಗಿ ಖಾಲಿಯಾಗುವುದಿಲ್ಲ, ಮಗುವೇ ಮೊಗೆದು ಚೆಲ್ಲಬೇಕು. ಗಾಳಿಗೆ ಎದುರು ಹೋಗುವ ಮೊದಲ ಸುತ್ತಿನಲ್ಲಿ ಎಲ್ಲರೂ ಏನು ವೇಗ! ಶಾಮಿಯಾನದಲ್ಲಿ ಚಪ್ಪಾಳೆ. ಆ ವೇಗ ಹಾಯಿಯದ್ದಲ್ಲ, ಇಳಿತದ್ದು ಅಂತ ನನಗೆ ಹೊಳೆದದ್ದು ಮುಂದಿನವರು ತಿರುಗಬೇಕಾದ ತೇಲು ಗುರುತು (ಬೋಯ್) ದಾಟಿ, ತಿರುಗಲಾರದೆ, ಅಳಿವೆ ಬಾಯಿಯ ಕಡೆ ಹೋದಾಗ. ನಾಲ್ಕು ದೋಣಿ ಮಗುಚಿದವು. ನೀರು ತುಂಬಿದ ದೋಣಿಯನ್ನು ಗಾಳಿ ತಳ್ಳುವುದಕ್ಕಿಂತ ನೀರು ಎಳೆಯುವುದೇ ಹೆಚ್ಚು. ಅಲೆ ತಡೆಯುವ ಕಲ್ಲಿನ ಗೋಡೆ, ಬ್ರೇಕ್‌ವಾಟರ್ ಆಚೆ ಬಿಳಿ ನೊರೆ ಕಾಣುತ್ತಿತ್ತು.

ನಮ್ಮ ಬಳಿ ಎರಡು ರಕ್ಷಣಾ ದೋಣಿ. ಒಂದರಲ್ಲಿ ಫೋಟೋಗ್ರಾಫರ್ ಇದ್ದ, ಅತಿಥಿಯ ಮಕ್ಕಳೂ ಇದ್ದರು. ಇದನ್ನು ಬರೆಯಲು ಈಗಲೂ ನಾಚಿಕೆ.

ಮಕ್ಕಳನ್ನು ಎತ್ತಿ ತಂದದ್ದು ಆ ಹಿರಿಯರ ಮನೆಯ ಹುಡುಗರು, ನಾಡದೋಣಿಯಲ್ಲಿ. ಯಾರಿಗೂ ಪೆಟ್ಟಾಗಲಿಲ್ಲ, ಎಲ್ಲರೂ ಲೈಫ್ ಜಾಕೆಟ್ ಹಾಕಿದ್ದರು. ಮಗುಚಿದ ದೋಣಿಯ ಬೆನ್ನಿನ ಮೇಲೆ ಇಪ್ಪತ್ತು ನಿಮಿಷ ಕವುಚಿ ಮಲಗಿದ್ದ ಹನ್ನೊಂದು ವರ್ಷದ ಹುಡುಗಿ ಮಾತ್ರ ಮತ್ತೆ ನೀರಿಗೆ ಇಳಿಯಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಯಿ ಹಿಡಿಯುತ್ತಿದ್ದವಳು ಅವಳೇ. ತಪ್ಪನ್ನು ತಡವಾಗಿ ಬಂದ ಅತಿಥಿಯ ಮೇಲೆ ಹಾಕಿ ಬಹಳ ದಿನ ಕಳೆದೆ. ಬಾವುಟ ಇಳಿಸಿದ ಕೈ ನನ್ನದಲ್ಲವೇ? ನೀಲಿ-ಬಿಳಿ ಚೌಕುಳಿಯ ಬಾವುಟ ಏರಿಸಿ ಮೂರು ಹಾರ್ನ್ ಹೊಡೆದಿದ್ದರೆ ರೇಸು ಅಲ್ಲಿಗೇ ರದ್ದು. ಅದೂ ನೆನಪಾದದ್ದು ಎರಡನೇ ದೋಣಿ ಮಗುಚಿದ ಮೇಲೆ. ಸ್ಪರ್ಧೆಗೆ ಇಳಿಯುವ ನಿರ್ಧಾರದ ಹೊಣೆ ಸ್ಪರ್ಧಿಯದ್ದೇ ಅಂತ ನಿಯಮ ಪುಸ್ತಕದಲ್ಲಿದೆ, ಕೆಲವರು ಅದನ್ನು ತೋರಿಸಿ ನನಗೆ ಸಮಾಧಾನ ಹೇಳಿದರು. ಹತ್ತು ವರ್ಷದ ಮಗುವಿಗೆ ಆ ನಿಯಮ ಓದಿ ಹೇಳಿ ನೋಡೋಣ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಎಂಟು ದೋಣಿ ಲೆಕ್ಕ ಹಾಕಿದ್ದೀರಿ, ರಕ್ಷಣಾ ದೋಣಿ ಎಷ್ಟು ಅಂತ ಒಂದು ಮಾತಿಲ್ಲ. ಮೊದಲು ತರಬೇತಿ ಬೇಕಾದದ್ದು ದೊಡ್ಡವರಿಗೆ. ಮಗುಚಿದ ಮಗುವಿನ ಹತ್ತಿರ ಇಂಜಿನ್ ನಿಲ್ಲಿಸಿ ಹೋಗುವುದು, ಕಿಲ್ ಕಾರ್ಡ್ (ಓಡಿಸುವವರು ನೀರಿಗೆ ಬಿದ್ದರೆ ಇಂಜಿನ್ ನಿಲ್ಲಿಸುವ ಹಗ್ಗ) ಕಾಲಿಗೆ ಕಟ್ಟದೆ ಇಂಜಿನ್ ಮುಟ್ಟದಿರುವುದು, ಮೊದಲು ಮಗು ಆಮೇಲೆ ದೋಣಿ. ಇದಕ್ಕೆ ಊರಿನ ಮೀನುಗಾರ ಹುಡುಗರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಿ. ಹೊರಗಿನಿಂದ ಕೋಚ್ ತರುವ ದುಡ್ಡು ಇದಕ್ಕೆ ಹಾಕಿ. ಐದಾರು ಮಕ್ಕಳಿಗೆ ಒಂದು ರಕ್ಷಣಾ ದೋಣಿ, ಅದರಲ್ಲಿ ಕ್ಯಾಮೆರಾ ಹಿಡಿದವರು ಯಾರೂ ಬೇಡ.

ಹಾಯಿದೋಣಿ ಸ್ಪರ್ಧಿ ನೇತ್ರಾ ಕುಮನನ್ ತರಹದವರು ನಮ್ಮೂರಿಂದಲೂ ಬರಬೇಕು ಅಂತ ಬರೆದಿದ್ದೀರಿ. ಟೋಕಿಯೊ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ಗೆ ಹೋದ ಅವರು ಚೆನ್ನೈಯಲ್ಲಿ ಶುರು ಮಾಡಿದ್ದು ಒಂದು ಬೇಸಿಗೆ ಶಿಬಿರದಲ್ಲಿ. ರಾಜ್ಯಮಟ್ಟದ ಬ್ಯಾನರ್ ಇರದಿದ್ದರೂ ಪ್ರತಿ ಭಾನುವಾರ ಐದು ಮಕ್ಕಳಿಗೆ ಐದು ನಿಮಿಷದ ಸ್ಟಾರ್ಟ್ ಕೊಟ್ಟು ಸಣ್ಣ ರೇಸು ಮಾಡಿ. ಅದೇ ತರಬೇತಿ, ಅದೇ ಸ್ಪರ್ಧೆ. ಮಳೆಗಾಲ ಕಳೆದು ಮುಂದಿನ ಮೇ ತನಕ ಹೀಗೆ ನಡೆಸಿದರೆ ಅಳಿವೆಯೇ ಅರ್ಧ ಕಲಿಸುತ್ತದೆ.

ಆಮೇಲೂ ರೆಗಾಟ ಬೇಕೇ ಬೇಕು ಅಂದರೆ ರಜೆ ನೋಡಿ ತಾರೀಕು ಇಡಬೇಡಿ, ಪಂಚಾಂಗ ನೋಡಿ. ಅಷ್ಟಮಿ-ನವಮಿ ಹತ್ತಿರ ಇಡಿ, ಆಗ ನೀರಿನ ಎಳೆತ ಕಮ್ಮಿ. ಭರತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ, ಎರಡು ದಿನದ ಸ್ಪರ್ಧೆಗೆ ಎರಡು ವೇಳಾಪಟ್ಟಿ ಬೇಕು. ಅತಿಥಿಗಳನ್ನು ಸಂಜೆ ಬಹುಮಾನ ಕೊಡಲು ಕರೆಯಿರಿ. ಬೆಳಗ್ಗಿನ ಉದ್ಘಾಟನೆಗೆ ತೆಂಗಿನಕಾಯಿ ಒಡೆಯಲು ಯಾರಾದರೂ ಮೀನುಗಾರ ಹಿರಿಯರಿಗೆ ಹೇಳಿ, ಅವರು ಹೇಗೂ ಐದಕ್ಕೇ ಎದ್ದಿರುತ್ತಾರೆ.